ಜೀಪಿನಿಂದ ಜೀಪಿಗೆ, ಒಂದು ದನಿಯ ಹಿಂದೆ

ಬಾಳೂರಿನ ಜೀಪ್ ಸ್ಟ್ಯಾಂಡಿನಲ್ಲಿ ಇನ್ನೂ ಮಬ್ಬು. ಕಾಫಿ ಕೊಯ್ಲಿಗೆ ಹೊರಟ ಹೆಂಗಸರು ಶಾಲು ಹೊದ್ದು ಒತ್ತಿಕೊಂಡು ಕೂತಿದ್ದಾರೆ. ಮಹಮೂದಾ ಒಂದೊಂದೇ ಜೀಪಿನ ಹಿಂದೆ ನಿಂತು ಕೈ ಚಾಚುತ್ತಾರೆ. ಅಂಗೈಗೆ ಬೀಳುವುದು ಗಾಜು ಒಡೆದ ಫೋನುಗಳು. "ನನ್ನ ಫೋನಲ್ಲಿ ಗಂಡನ ಬೈಗುಳ ಬಿಟ್ರೆ ಏನೂ ಸಿಗಲ್ಲ ಕಣಕ್ಕ," ಎನ್ನುತ್ತಾಳೆ ಒಬ್ಬಳು. ಜೀಪು ಹೊರಟರೆ ಮುಗಿಯಿತು, ಫೋನುಗಳು ಬೇರೆ ಬೇರೆ ಎಸ್ಟೇಟಿನ ಪಾಲು.

ಸ್ಟ್ಯಾಂಡಿನ ಪಕ್ಕದಲ್ಲೇ ಅವರ ಮೊಬೈಲ್ ರಿಪೇರಿ ಅಂಗಡಿ. ಮೆಕ್ಯಾನಿಕ್ ಆಗಿದ್ದ ಗಂಡ ಹಸನ್ ಹಾಸಿಗೆ ಹಿಡಿದ ಮೇಲೆ ಮನೆ ನಡೆಯುವುದು ಅದರಿಂದ. ಕಳೆದ ಫೋಟೋ, ದನಿ ಹುಡುಕಿಕೊಡುವುದು ಜೊತೆಗೆ ಅಂಟಿಕೊಂಡ ಕೆಲಸ. ತೋಟಗಳಲ್ಲಿ ಸಿಗ್ನಲ್ ಇಲ್ಲ. ಹಾಡೋ ತಮಾಷೆಯೋ, ಜೀಪಿನಲ್ಲಿ ಕೂತೇ ಬ್ಲೂಟೂತಿನಲ್ಲಿ ದಾಟಿಸಿಕೊಳ್ಳುತ್ತಾರೆ. ಮೂಲ ಫೋನ್ ಹೋದರೂ, ಕೇಳಿ ಅಳಿಸಿದವರ ಫೋನಿನ ಯಾವುದೋ ಮೂಲೆಯಲ್ಲಿ ನಕಲು ಉಳಿದಿರಬಹುದು. ಅಜ್ಜಿಕತೆಯ ರಾಕ್ಷಸನ ಜೀವ ದೂರದ ಗಿಳಿಯೊಳಗೆ ಇದ್ದ ಹಾಗೆ. ಆದರೆ ಈ ಗಿಳಿ ಒಂದು ಕಡೆ ಕೂರುವುದಿಲ್ಲ.

ಈಗ ಹುಡುಕುತ್ತಿರುವುದು ಸೌಜನ್ಯಳ ದನಿ. ತೋಟದ ಲೆಕ್ಕ ಬರೆಯುವ ರೈಟರು ಹಾಜರಿ ಕೂಗುವುದನ್ನು ಅಣಕಿಸಿ ಆಕೆ ರೆಕಾರ್ಡ್ ಮಾಡಿದ್ದಳು. ಅದು ಫೋನಿನಿಂದ ಫೋನಿಗೆ ದಾಟಿ ಜೀಪಿಗೆ ಜೀಪೇ ನಕ್ಕಿತ್ತು. ಕಳೆದ ಮಳೆಗಾಲದಲ್ಲಿ ಹಳ್ಳ ದಾಟುವಾಗ ಕೊಚ್ಚಿಹೋದಳು, ಫೋನೂ ಅವಳ ಜೊತೆ ಹೋಯಿತು. ಅವಳ ಗಂಡ ರುದ್ರೇಶ್, ಜೀಪ್ ಡ್ರೈವರ್, ಅಂಗಡಿಗೆ ಬಂದಿದ್ದರಂತೆ. ಹೇಳಿದ್ದು ಇಷ್ಟೇ: "ಮಗಳು ಅಮ್ಮನ ದನಿ ಹೆಂಗಿತ್ತು ಅಂತ ಕೇಳ್ತಾಳೆ ಅಕ್ಕ. ನಂಗೆ ಮಾಡಿ ತೋರ್ಸಕ್ಕೆ ಬರಲ್ಲ."

ಸೌಜನ್ಯಳ ಪಕ್ಕ ಕೂರುತ್ತಿದ್ದ ಸುಪ್ರಿಯಾಳ ಫೋನಿನಲ್ಲಿ ಅದು ಇತ್ತು. ಮಹಮೂದಾ ನೋಡುತ್ತಾರೆಂದು ತಿಳಿದ ಆಕೆ, ನೆಂಟರು ಬರುವ ಮುಂಚೆ ಜಗಲಿ ಗುಡಿಸುವ ಹಾಗೆ, ಮೈದುನನ ಕೈಲಿ ಫೋನನ್ನು ಪೂರ್ತಿ ರೀಸೆಟ್ ಮಾಡಿಸಿ ತಂದುಕೊಟ್ಟಳು. ಏನೂ ಉಳಿದಿರಲಿಲ್ಲ. "ಬೈಯೋದು ಹೆಂಗೆ ಮಾರಾಯ್ರೆ, ಮರ್ಯಾದೆ ಅಂತ ಮಾಡಿದ್ದು ಅದು," ಎನ್ನುತ್ತಾರೆ ಮಹಮೂದಾ. ಸುಪ್ರಿಯಾ ಈಗ ರುದ್ರೇಶರ ಜೀಪು ಹತ್ತುವುದಿಲ್ಲ.

ಇವತ್ತಿನ ಫೋನುಗಳಲ್ಲೂ ಇಲ್ಲ. ಸ್ಟೀರಿಂಗ್ ಹಿಡಿದು ಕಾಯುತ್ತಿದ್ದ ರುದ್ರೇಶ್ ಕನ್ನಡಿಯಲ್ಲೇ ಮಹಮೂದಾ ತಲೆಯಾಡಿಸಿದ್ದನ್ನು ನೋಡಿ ಗಾಡಿ ಬಿಡುತ್ತಾರೆ.

ಉಳಿದಿರುವುದು ನಜ್ಮಾಳ ಫೋನ್ ಒಂದೇ. ಆಕೆ ಸೌಜನ್ಯಳ ಜೊತೆ ಅದೇ ಜೀಪಿನಲ್ಲಿ ಬರುತ್ತಿದ್ದವಳು, ಈಗ ಕೊಯ್ಲಿಗೆ ಅತ್ತಿಗುಂಡಿಯ ಕಡೆ ಹೋಗಿದ್ದಾಳೆ. ಭಾನುವಾರ ಮಹಮೂದಾ ಅಲ್ಲಿಗೆ ಹೊರಟಿದ್ದಾರೆ. ಇದನ್ನು ಬರೆಯಲು ಬಂದ ನಾನು, ಅಲ್ಲಿನ ಗುರುತಿನವರಿಂದ ನಜ್ಮಾಳಿಗೆ ಮೊದಲೇ ಹೇಳಿ ಕಳಿಸಲೇ ಎಂದು ಕೇಳಿದರೆ ನನ್ನ ಕೈ ಹಿಡಿದುಕೊಳ್ಳುತ್ತಾರೆ.

"ನಾನು ಬರೋದು ಮಾತ್ರ ಅವ್ಳಿಗೆ ಹೇಳ್ಬೇಡಿ. ಆ ಫೋನು ಕಸ ತುಂಬ್ಕೊಂಡು ಹೆಂಗಿದ್ಯೋ ಹಂಗೇ ನನ್ನ ಕೈಗೆ ಸಿಗ್ಲಿ. ಅಷ್ಟು ಸಾಕು."