ವಾರಕ್ಕೊಂದು ಮನೆಯ ಹಳದಿ ಕಾರು

ಮರ ಬಿದ್ದದ್ದು ಶುಕ್ರವಾರ ಸಂಜೆ. ಬೆಳಗಾದರೆ ಕಾರು ನನ್ನ ಮನೆಗೆ ಬರಬೇಕಿತ್ತು. ಫೋನ್ ಮಾಡಿದ ಗೆಳೆಯ ಮೊದಲು ವಿಷಯಕ್ಕೇ ಬರಲಿಲ್ಲ. ಭದ್ರಾವತಿಯಲ್ಲಿ ಗಾಳಿ ಜೋರು ಎಂದ, ಕರೆಂಟ್ ಹೋಗಿದೆ ಎಂದ, ಊಟ ಆಯಿತಾ ಎಂದು ಇನ್ನೂ ದೀಪ ಹಚ್ಚುವ ಹೊತ್ತಿನಲ್ಲೇ ಕೇಳಿದ. ಕೊನೆಗೆ, "ನಾಳೆ ನಾನು ಬರಲ್ಲ ಮಾರಾಯ. ನೀನೇ ಬಾ, ಬಸ್ಸಲ್ಲಿ" ಎಂದ. ಬಸ್ಸಲ್ಲಿ ಎಂದಾಗಲೇ ನನಗೆ ಅರ್ಧ ಗೊತ್ತಾಯಿತು.

ಕಾರು ನಮ್ಮಿಬ್ಬರದು. ಎರಡೇ ಬಾಗಿಲು, ಎರಡೇ ಸೀಟು, ಕಣ್ಣಿಗೆ ಹೊಡೆಯುವ ಹಳದಿ ಬಣ್ಣ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಾದ ಸ್ಪೋರ್ಟ್ಸ್ ಕಾರು. ನಾನು ಶಿವಮೊಗ್ಗದ ಕೋಟೆ ಕಡೆ ಮನೆ ಮಾಡಿಕೊಂಡಿರುವ ನಿವೃತ್ತ ಮೇಷ್ಟ್ರು. ಅವನು ಭದ್ರಾವತಿಯಲ್ಲಿ ಲೇತ್ ಅಂಗಡಿ ಮುಚ್ಚಿ ಮಗಳು, ಅಳಿಯ, ಮೊಮ್ಮಕ್ಕಳ ನಡುವೆ ಇರುವವನು. ಅರವತ್ತು ದಾಟಿದ ಇಂಥ ಇಬ್ಬರಿಗೆ ಇಂಥ ಕಾರು ಯಾಕೆ ಎಂದು ಕೇಳದವರು ಎರಡೂ ಊರಲ್ಲಿ ಯಾರೂ ಇಲ್ಲ. ನಮಗೇ ಸರಿಯಾದ ಉತ್ತರ ಗೊತ್ತಿರಲಿಲ್ಲ. ಜೊತೆಯಲ್ಲಿ ಓದಿದವನೊಬ್ಬ ತೀರಿಕೊಂಡಿದ್ದ. ಅವನ ವೈಕುಂಠ ಸಮಾರಾಧನೆಯಲ್ಲಿ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾಗ ಗೆಳೆಯ ಮೊಬೈಲಿನಲ್ಲಿ ಈ ಕಾರಿನ ಜಾಹೀರಾತು ತೋರಿಸಿದ. ಮಂಗಳೂರಿನ ಯಾರೋ ಮಾರಾಟಕ್ಕಿಟ್ಟಿದ್ದರು. ಸಾವಿನ ಮನೆ ಎನ್ನುವುದನ್ನೂ ಮರೆತು ಇಬ್ಬರೂ ನಕ್ಕೆವು. ಮುಂದಿನ ವಾರ ಮಂಗಳೂರಿಗೆ ಹೋಗಿ ಅದನ್ನು ತಂದೂಬಿಟ್ಟೆವು. ಹೆಂಡತಿಯನ್ನು ನಾನು ಕೇಳಲಿಲ್ಲ. ಅವನಿಗೆ ಕೇಳಲು ಹೆಂಡತಿ ಇರಲಿಲ್ಲ. ಅವಳು ಹೋಗಿ ಆಗಲೇ ಎರಡು ಮಳೆಗಾಲ ಕಳೆದಿತ್ತು.

ಯಾರ ಹೆಸರಿಗೆ ಎಂಬ ಪ್ರಶ್ನೆ ಬಂದಾಗ ಟಾಸ್ ಹಾಕಿದೆವು, ನಾನು ಗೆದ್ದೆ. ಒಂದು ವಾರ ಅವನ ಮನೆಯಲ್ಲಿ, ಒಂದು ವಾರ ನನ್ನ ಮನೆಯಲ್ಲಿ ಎಂದು ಕರಾರಾಯಿತು. ಯಾರ ಬಳಿ ಕಾರಿದೆಯೋ ಅವನು ಶನಿವಾರ ಬೆಳಿಗ್ಗೆ ಇನ್ನೊಬ್ಬನ ಊರಿಗೆ ಓಡಿಸಿಕೊಂಡು ಬರಬೇಕು, ಅಲ್ಲೇ ಊಟ ಮಾಡಬೇಕು, ಕೀ ಕೊಟ್ಟು ಸಂಜೆ ಬಸ್ಸಿನಲ್ಲಿ ವಾಪಸಾಗಬೇಕು. "ವಾರಕ್ಕೊಂದು ಮನೆ ಮಾಡೋ ಸವತೀನ ನಾನು ಇಲ್ಲೇ ನೋಡ್ತಾ ಇರೋದು ಕಣ್ರೀ" ಎಂದು ನನ್ನಾಕೆ ಹಂಗಿಸುತ್ತಿದ್ದಳು. ಆದರೆ ಶನಿವಾರ ಅವನು ಬರುವ ದಿನ ಅವಳೇ ಮರೆಯದೆ ಪತ್ರೊಡೆಗೋ ಕಡುಬಿಗೋ ಅಕ್ಕಿ ನೆನೆಹಾಕುತ್ತಿದ್ದಳು.

ಓಡಿಸುವುದರಲ್ಲಿ ಅಂಥ ಸುಖವೇನೂ ಇರಲಿಲ್ಲ. ನಮ್ಮ ರಸ್ತೆಗಳ ಪ್ರತಿ ಹಂಪಿನಲ್ಲೂ ಕಾರಿನ ತಳ ಕೆರೆಯುತ್ತಿತ್ತು. ಅಡ್ಡಡ್ಡ ತಿರುಗಿಸಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸಬೇಕು. ಹಿಂದಿನಿಂದ ಬಸ್ಸಿನವರು ಹಾರ್ನ್ ಬಾರಿಸಿ ನಮ್ಮ ವಂಶವನ್ನೆಲ್ಲ ನೆನೆಯುತ್ತಿದ್ದರು. ಇನ್ನು ಇಳಿಯುವ ಕಷ್ಟ ಕೇಳಬೇಡಿ. ಸೀಟು ಅಷ್ಟು ತಗ್ಗು. ಕೂರುವಾಗ ಹೇಗೋ ದೊಪ್ಪನೆ ಬಿದ್ದು ಕೂತುಬಿಡಬಹುದು, ಏಳುವಾಗ ನನ್ನ ಬಲ ಮಂಡಿ, ಅವನ ಎಡ ಮಂಡಿ ಕೈ ಕೊಡುತ್ತಿದ್ದವು. ಹಾಗಾಗಿ ಶನಿವಾರ ಕಾರು ಬಂದು ನಿಂತ ಕೂಡಲೇ ಮನೆಯಲ್ಲಿದ್ದವನು ಗೇಟಿನ ಹೊರಗೆ ಬಂದು ಬಾಗಿಲು ತೆಗೆಯುವುದು, ಒಳಗಿದ್ದವನು ಕೈ ಚಾಚುವುದು, ಹೊರಗಿದ್ದವನು ಎಳೆಯುವುದು. "ಎಳಿಯೋ ಮಾರಾಯ, ಬಾವಿಗೆ ಬಿದ್ದವನನ್ನ ಎಳಿಯೋ ಹಾಗೆ ಎಳಿ" ಎಂದು ಅವನು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ನಾವಿಬ್ಬರೂ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಒಂದೇ ಸಾಲಿನ ಮನೆಗಳಲ್ಲಿ ಬೆಳೆದವರು. ನನಗೆ ಕೆಲಸ ಸಿಕ್ಕಿ ಶಿವಮೊಗ್ಗಕ್ಕೆ ಬಂದ ಮೇಲೆ ಅರ್ಧ ಗಂಟೆಯ ಈ ದಾರಿಯನ್ನು ದಾಟಿ ಒಬ್ಬರನ್ನೊಬ್ಬರು ನೋಡಿದ್ದು ಮದುವೆಗೆ, ಸಾವಿಗೆ, ಅಷ್ಟೇ. ಹಾಗೆ ವರ್ಷಗಟ್ಟಲೆ ಕಳೆದಿತ್ತು. ಜಗಳವಿಲ್ಲ, ಮುನಿಸಿಲ್ಲ, ಸುಮ್ಮನೆ ಹೋಗಲಿಲ್ಲ. ನಮ್ಮಂಥ ಗಂಡಸರಿಗೆ ಕೆಲಸವಿಲ್ಲದೆ ಒಬ್ಬನ ಮನೆಗೆ ಹೋಗಿ 'ನಿನ್ನನ್ನು ನೋಡೋಣ ಅನ್ನಿಸಿತು' ಎನ್ನಲು ಬಾಯಿ ಬರುವುದಿಲ್ಲ. ಕಾರು ಬಂದ ಮೇಲೆ ಕೆಲಸ ಸಿಕ್ಕಿತು. ಕಾರು ಹೋದರೆ ಶನಿವಾರವೂ ಹೋಗುತ್ತದೆ ಎಂದು ಮರ ಬಿದ್ದ ದಿನವೇ ನನಗೆ ಹೊಳೆದಿತ್ತು. ಅವನಿಗೆ ನನಗಿಂತ ಮೊದಲೇ ಹೊಳೆದಿತ್ತು ಎಂದು ಕಾಣುತ್ತದೆ.

ನಾನು ಹೋಗಿ ನೋಡಿದಾಗ ಅವನ ಮನೆಯ ಮುಂದಿನ ಹಳೆಯ ಮಳೆಮರ ಬುಡಸಮೇತ ಕಾರಿನ ಮೇಲೆ ಮಲಗಿತ್ತು. ಬಿಸಿಲಿಗೆ ಬಣ್ಣ ಹೋಗಬಾರದೆಂದು ನೆರಳಿಗೆ ನಿಲ್ಲಿಸಿದ್ದ. ಪಕ್ಕದ ಸೀಟಿನ ಕಡೆ ಛಾವಣಿ ಸೀಟಿಗೆ ಅಂಟಿತ್ತು, ಹಿಂಭಾಗ ಇರಲೇ ಇಲ್ಲ ಎನ್ನಬೇಕು. ಡ್ರೈವರ್ ಸೀಟಿನ ಕಡೆಗೆ ಮಾತ್ರ ಒಂದು ತರಚು ಗಾಯವೂ ಇರಲಿಲ್ಲ. ಅವನು ಅದನ್ನೇ ಬೊಟ್ಟು ಮಾಡಿ ತೋರಿಸುತ್ತಿದ್ದ. "ನೋಡು, ಸ್ಟೇರಿಂಗ್ ಹಾಗೇ ಇದೆ. ಏನೂ ಆಗಿಲ್ಲ ಇದಕ್ಕೆ."

ವಿಮೆ ಕಂಪನಿಯ ಸರ್ವೇಯರ್ ಬಂದ. ನನ್ನ ವಿದ್ಯಾರ್ಥಿಗಳ ವಯಸ್ಸಿನ ಹುಡುಗ, ಪಾಪ, ತುಂಬ ಮರ್ಯಾದಸ್ಥ. ಸುತ್ತ ತಿರುಗಿ ಫೋಟೋ ತೆಗೆದುಕೊಂಡು, "ಟೋಟಲ್ ಲಾಸ್ ಸಾರ್" ಎಂದ, ಹಣೆ ಮುಟ್ಟಿ ನೋಡಿ ಜ್ವರ ಇದೆ ಎಂದು ಹೇಳುವಷ್ಟು ಸಲೀಸಾಗಿ. ರಿಪೇರಿ ಖರ್ಚು ಕಾರಿನ ಬೆಲೆಯನ್ನೇ ಮೀರುತ್ತದಂತೆ. ಹಾಗಾಗಿ ಎರಡು ದಾರಿ. ಕಾರನ್ನು ಅವರಿಗೇ ಬಿಟ್ಟುಕೊಟ್ಟು ಪೂರ್ತಿ ಪರಿಹಾರ ತೆಗೆದುಕೊಳ್ಳಬಹುದು, ಅವರು ಅದನ್ನು ಗುಜರಿಯವರಿಗೆ ಕೊಡುತ್ತಾರೆ. ಇಲ್ಲವೇ ಕಾರನ್ನು ನಾವೇ ಇಟ್ಟುಕೊಂಡು ಕಡಿಮೆ ಪರಿಹಾರಕ್ಕೆ ಒಪ್ಪಿಕೊಳ್ಳಬೇಕು. "ಯೋಚನೆ ಮಾಡಿ ಹೇಳಿ ಸಾರ್" ಎಂದು ಹೋದ. ಸಹಿ ಹಾಕಬೇಕಾದವನು ನಾನು, ಟಾಸ್ ಗೆದ್ದ ಪುಣ್ಯಾತ್ಮ.

ಅಲ್ಲಿಂದ ಶುರುವಾಯಿತು ನೋಡಿ. ನನಗೆ ಸುಸ್ತಾದದ್ದು ಕಾರು ಜಜ್ಜಿ ಹೋಗಿದ್ದಕ್ಕಲ್ಲ, ಅದರ ಬಗ್ಗೆ ಎಲ್ಲರ ಮಾತು ಕೇಳಿ ಕೇಳಿ. ನನ್ನಾಕೆ, "ಪೀಡೆ ತೊಲಗ್ತು ಅಂದ್ಕೊಂಡು ಕೊಟ್ಟುಬಿಡಿ" ಎಂದಳು. ಕುಂಸಿಯ ನನ್ನ ಭಾವಮೈದ, ತೋಟದ ಗೇಟಿನ ಬಳಿ ನಿಲ್ಲಿಸೋಣ, ಒಳ್ಳೆ ಗುರುತಾಗುತ್ತದೆ, ಒಳಗೆ ಕೋಳಿಗಳನ್ನೂ ಕೂಡಬಹುದು ಎಂದ. ನಮ್ಮ ಬೀದಿಯ ಕೊನೆಯಲ್ಲಿ ಅಂಗಡಿ ಇಟ್ಟವನಂತೂ ತ್ಯಾವರೆಕೊಪ್ಪದ ದಾರಿಯಲ್ಲಿ ಇದನ್ನು ನಿಲ್ಲಿಸಿ ಸಫಾರಿಗೆ ಹೋಗುವವರಿಗೆ ಸೆಲ್ಫಿ ತೆಗೆಯಲು ಬಿಟ್ಟರೆ ಕೂತಲ್ಲೇ ದುಡ್ಡು ಎಂದು ಅರ್ಧ ಗಂಟೆ ನನ್ನನ್ನು ನಿಲ್ಲಿಸಿಕೊಂಡು ವಿವರಿಸಿದ. ಕೈಯಲ್ಲಿದ್ದ ಹಾಲಿನ ಪ್ಯಾಕೆಟ್ ಬೆಚ್ಚಗಾಯಿತು. ದೇವಸ್ಥಾನದಲ್ಲಿ ಕಂಡವರೂ ತೀರ್ಥ ತೆಗೆದುಕೊಳ್ಳುತ್ತ, "ಆ ಕಾರು ಏನ್ ಮಾಡಿದ್ರಿ?" ಎಂದು ಕೇಳುವರು. ನಾನು ದೇವಸ್ಥಾನಕ್ಕೆ ಹೋಗುವ ಹೊತ್ತನ್ನೇ ಬದಲಾಯಿಸಿದೆ.

ಗೆಳೆಯನದು ಒಂದೇ ಹಟ, ಕಟ್ಟಿ ನಿಲ್ಲಿಸೋಣ ಎಂದು. ಚಾಸಿಸ್ ಬಗ್ಗಿಲ್ಲ ಎಂದ. ತಗಡನ್ನು ತಾನೇ ಬಡಿದು ಸರಿ ಮಾಡುತ್ತೇನೆ ಎಂದ. ದಿನಾ ಬೆಳಿಗ್ಗೆ ಫೋನ್. ಬಿಡಿಭಾಗ ಎಲ್ಲಿಂದಲೋ ಹಡಗಿನಲ್ಲಿ ಬರಬೇಕಲ್ಲ ಮಾರಾಯ ಎಂದರೆ, ಬರಲಿ, ನಮಗೇನು ಬಸ್ಸಿಗೆ ಹೊತ್ತಾಯಿತಾ ಎನ್ನುವನು. ಒಂದು ದಿನ ನಾನು ಸ್ವಲ್ಪ ಒರಟಾಗಿಯೇ, "ಕಟ್ಟಿ ನಿಲ್ಲಿಸೋಕೆ ಅದೇನು ಸೋಗೆ ಗುಡಿಸಲಾ?" ಎಂದುಬಿಟ್ಟೆ. ಸಿಟ್ಟು ಬಂದಾಗ ಮಾತ್ರ ಅವನ ಬಾಯಲ್ಲಿ ಮನೆಯ ತಮಿಳು ಹೊರಡುತ್ತದೆ. ಅವತ್ತು ಧಾರಾಳವಾಗಿ ಹೊರಟಿತು. ನನಗೆ ಅರ್ಧ ತಿಳಿಯಿತು, ಉಳಿದರ್ಧ ತಿಳಿಯದಿದ್ದದ್ದೇ ಒಳ್ಳೆಯದಾಯಿತು.

ಕಾರನ್ನು ಎಳೆದು ನಿಲ್ಲಿಸಿದ್ದ ಗ್ಯಾರೇಜಿನ ಸಾಹೇಬರು ಕೊನೆಗೆ ನನಗೇ ಫೋನ್ ಮಾಡಿದರು. "ಸಾರ್, ಜಾಗ ಖಾಲಿ ಬೇಕಿತ್ತು. ಏನಾದ್ರೂ ಒಂದು ಫೈಸಲ್ ಮಾಡ್ಕೊಳ್ಳಿ." ಹೋದೆ. ಗೆಳೆಯ ಅಲ್ಲಿ ನನಗಿಂತ ಮೊದಲೇ ಬಂದಿದ್ದ. ಜಜ್ಜಿದ ಕಾರಿನ ಡ್ರೈವರ್ ಸೀಟಿನಲ್ಲಿ ಕೂತಿದ್ದ, ಎರಡೂ ಕೈ ಸ್ಟೇರಿಂಗಿನ ಮೇಲೆ. ಪಕ್ಕದಲ್ಲಿ, ಮಂಗಳೂರಿನಿಂದ ತರುವಾಗ ನಾನು ಕೂತಿದ್ದ ಕಡೆ, ಛಾವಣಿಯ ತಗಡು ಅವನ ಭುಜಕ್ಕೆ ತಾಗುವಂತಿತ್ತು. ನನ್ನನ್ನು ನೋಡಿ ನಗಲಿಲ್ಲ. ಕೈ ಚಾಚಿದ.

ನಾನು ಎಳೆಯಲಿಲ್ಲ. ಬಿಸಿಲಿತ್ತು, ಬಸ್ಸಿನಲ್ಲಿ ನಿಂತೇ ಬಂದಿದ್ದೆ, ನನಗೆ ಸಾಕಾಗಿತ್ತು. "ಸಾಕು ಕಣೋ. ನನ್ನ ಕೈಲಿ ಆಗಲ್ಲ. ಕೊಟ್ಟುಬಿಡೋಣ, ಸೈನ್ ಮಾಡ್ತೀನಿ" ಎಂದೆ.

"ಮಾಡು" ಎಂದ. ಕೈ ಹಾಗೇ ಚಾಚಿಕೊಂಡಿದ್ದ. "ಸೈನ್ ಮಾಡಿದ ಮೇಲೆ ಶನಿವಾರ ಏನ್ ಮಾಡ್ತೀಯ?"

"ಏನೋ ಒಂದು ಮಾಡ್ತೀನಿ."

"ನಿಂಗೆ ಏನೋ ಒಂದು ಇರುತ್ತೆ. ನಂಗಿಲ್ಲ. ಮನೇಲಿ ಟೀವಿ ರಿಮೋಟೂ ನನ್ನ ಕೈಲಿಲ್ಲ ಮಾರಾಯ."

ಅಷ್ಟು ಬಿಚ್ಚಿ ಅವನು ಯಾವತ್ತೂ ಮಾತಾಡಿದವನಲ್ಲ. ಹೆಂಡತಿ ಹೋದಾಗಲೂ ಬಂದವರಿಗೆಲ್ಲ ತಾನೇ ಕಾಫಿ ಕೊಡುತ್ತ ತಿರುಗಿದ್ದ. ಚಾಚಿದ್ದ ಕೈ ಹಿಡಿದುಕೊಂಡೆ. ಎಳೆದು ಎಬ್ಬಿಸಿದೆ. ಈ ಕಾರಿಗೆ ಡಿಕ್ಕಿ ಇದ್ದದ್ದು ಮುಂದೆ, ಅದರಲ್ಲಿದ್ದ ಸಾಮಾನು ತೆಗೆದೆವು. ಒಂದು ಛತ್ರಿ, ಆಯುಧಪೂಜೆಯ ಕುಂಕುಮದ ಪೊಟ್ಟಣ, ಕಾರಿಗೆ ಹೊದಿಸುತ್ತಿದ್ದ ಬೂದು ಬಣ್ಣದ ಹೊದಿಕೆ. ಛತ್ರಿ ಅವನದು. ಹೊದಿಕೆಯನ್ನು ನಾನು ಚೀಲಕ್ಕೆ ತುರುಕಿಕೊಂಡೆ. ಸೋಮವಾರ ಸಹಿ ಹಾಕಿದೆ. ಎರಡೂ ಕೀ ಕೊಟ್ಟೆ. ಪರಿಹಾರ ಬಂದಾಗ ಅವನ ಪಾಲು ಅವನಿಗೆ ಕಳಿಸಿದೆ. 'ಬಂತು' ಎಂದು ಮೆಸೇಜ್ ಮಾಡಿದ, ಅಷ್ಟೇ.

ಮೊದಲ ಶನಿವಾರ ನಾನು ಹೋಗಲಿಲ್ಲ. ಮಂಡಿ ನೋಯುತ್ತಿತ್ತು, ಮಳೆ ಹಿಡಿದಿತ್ತು, ಕುರ್ಚಿಯಲ್ಲಿ ಪೇಪರ್ ಮುಚ್ಚಿಕೊಂಡು ನಿದ್ದೆ ಹೋದೆ. ಅವನೂ ಫೋನ್ ಮಾಡಲಿಲ್ಲ. ಮುಂದಿನ ಶನಿವಾರವೂ ಹಾಗೇ ಆಯಿತು. ಎಷ್ಟು ಸಲೀಸಾಗಿ ಆಯಿತು ಎಂದರೆ ನನಗೇ ಭಯವಾಯಿತು. ಹಿಂದೆ ವರ್ಷಗಟ್ಟಲೆ ಕಳೆದದ್ದೂ ಹೀಗೇ ಇರಬೇಕು, ಒಂದೊಂದು ಶನಿವಾರ ಮಂಡಿ ನೋವು, ಮಳೆ, ಪೇಪರ್ ಎಂದುಕೊಂಡು. ಅವತ್ತು ಮಧ್ಯಾಹ್ನ ನನ್ನಾಕೆ ತಟ್ಟೆ ಇಡುತ್ತ, "ಅಭ್ಯಾಸ ಬಲ ನೋಡಿ, ಅವರಿಗೂ ಸೇರಿಸಿ ಅಕ್ಕಿ ನೆನೆಹಾಕಿಬಿಟ್ಟಿದೀನಿ" ಎಂದಳು. ಇಬ್ಬರೇ ಕೂತು ತಿಂದೆವು. ಕಡುಬು ಉಳಿಯಿತು.

ಅದರ ಮುಂದಿನ ಶನಿವಾರ ಬೆಳಿಗ್ಗೆ ಮಂಚದ ಕೆಳಗಿದ್ದ ಆ ಹೊದಿಕೆಯನ್ನು ತೆಗೆದೆ. ಮಣ್ಣು, ಎಲೆ, ಒಂಥರಾ ಮುಗ್ಗಲು ವಾಸನೆ. ಚೀಲದಲ್ಲಿ ಹಾಕಿಕೊಂಡು ಬಸ್ ಹತ್ತಿದೆ. ತೊಡೆಯ ಮೇಲೆ ಇಟ್ಟುಕೊಂಡ ಚೀಲದ ವಾಸನೆಗೆ ಪಕ್ಕದ ಸೀಟಿನವರು ಮುಖ ತಿರುಗಿಸಿ ಕೂತರು. ಭದ್ರಾವತಿಯಲ್ಲಿ ಇಳಿದು ಅವನ ಮನೆಯ ಕಡೆ ನಡೆದೆ.

ಬಿದ್ದ ಮರದ ಕೊಂಬೆಗಳನ್ನೆಲ್ಲ ಕಡಿದು ಒಯ್ದಿದ್ದರು. ಬುಡದ ದಿಮ್ಮಿ ಮಾತ್ರ ಅವನ ಗೇಟಿನ ಎದುರು ಹಾಗೇ ಬಿದ್ದಿತ್ತು. ಅವನು ಅದರ ಮೇಲೆ ಮಂಡಿ ಎದೆಗೆ ತಾಗುವಂತೆ ತಗ್ಗಿ ಕೂತಿದ್ದ, ಪಕ್ಕದಲ್ಲಿ ಛತ್ರಿ. ನನ್ನನ್ನು ನೋಡಿದ, ಚೀಲವನ್ನು ನೋಡಿದ.

"ಏನದು?"

"ಕಾರಿನ ಹೊದಿಕೆ. ಅರ್ಧ ನಿಂದಲ್ವಾ. ಇಷ್ಟು ದಿನ ನನ್ನ ಹತ್ರ ಇತ್ತು, ಈ ವಾರ ನಿನ್ನ ಹತ್ರ ಇರ್ಲಿ."

ಅವನು ಚೀಲ ತೆಗೆದುಕೊಂಡು ಒಳಗೆ ಮೂಗು ಹಾಕಿ ನೋಡಿದ. "ಥೂ, ಒಗೆದೂ ಇಲ್ಲ ನೀನು."

"ನಿನ್ನ ವಾರ. ನೀನೇ ಒಗಿ."

"ಈ ಮಳೇಲಿ ಒಣಗೋಕೆ ಒಂದು ವಾರ ಪೂರ್ತಿ ಬೇಕು." ಮೂಗು ಒರೆಸಿಕೊಂಡ. "ಶನಿವಾರ ಬೆಳಿಗ್ಗೆ ತಂದುಕೊಡ್ತೀನಿ. ಮನೇಲಿರು."

ಆಮೇಲೆ ಚೀಲವನ್ನು ಕಂಕುಳಲ್ಲಿ ಇರುಕಿಕೊಂಡು ಇನ್ನೊಂದು ಕೈ ಚಾಚಿದ. "ಎಳಿಯೋ ಮಾರಾಯ" ಎಂದ. ಎಳೆದೆ.