ಮಗಳ ಸಿನಿಮಾದಲ್ಲಿ ನನ್ನ ಬೀಗ

ಈ ಬೆಳಿಗ್ಗೆ ಕೊಲ್ಕತ್ತದ ಸಿಯಾಲ್ದಾ ಸ್ಟೇಷನ್ನಿನ ಹೊರಗೆ ಒಂದು ಹಿತ್ತಾಳೆ ಬೀಗ ಕೊಂಡೆ. ಜೇಬಿಗೆ ಹಾಕದೆ ಅಂಗೈಯಲ್ಲೇ ಹಿಡಿದು ಬಂದದ್ದರಿಂದ ಕೈಗೆಲ್ಲ ಅದರದೇ ವಾಸನೆ. ನನಗಿದು ಹಳೆಯ ಪರಿಚಯ. ಬೀಗ ಹಾಕಿ, ಎಳೆದು ನೋಡಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಎಳೆಯುವ ಚಟ ನಿಮಗೂ ಇದ್ದರೆ ನಾಚಬೇಡಿ. ನನ್ನಷ್ಟು ಮುಂದುವರಿದಿರಲಾರಿರಿ. ಹೊರಟ ಶೇರ್ ಆಟೋ ನಿಲ್ಲಿಸಿ, ಉಳಿದವರ ಶಾಪ ಹೊತ್ತುಕೊಂಡು ಮನೆಗೆ ಓಡಿದವನು ನಾನು.

ತಪ್ಪು ನನ್ನ ಉದ್ಯೋಗದ್ದು ಎಂದು ವಾದಿಸುತ್ತಿದ್ದೆ. ಕುಂದಾಪುರದ ಕಡೆಯಿಂದ ಬ್ಯಾಂಕಿನ ಕೆಲಸಕ್ಕೆ ಕೊಲ್ಕತ್ತಕ್ಕೆ ಬಂದವನು. ನಮ್ಮ ಭದ್ರಕೋಣೆಗೆ ಎರಡು ಕೀಲಿ, ಇಬ್ಬರು ಅಧಿಕಾರಿಗಳು. ಒಬ್ಬ ಬೀಗ ಹಾಕಿದರೆ ಇನ್ನೊಬ್ಬ ಎಳೆದು ನೋಡಿ "ಬಿದ್ದಿದೆ" ಎನ್ನಬೇಕು. ಆ ಒಂದು ಮಾತು ಕಿವಿಗೆ ಬಿದ್ದರೆ ನಾನು ನಿಶ್ಚಿಂತ. ಮನೆಯಲ್ಲಿ ಹಾಗೆ ಹೇಳುವವರಿಲ್ಲ. ಹೆಂಡತಿ "ಎಷ್ಟು ಸಲ ಮಾರಾಯ್ರೆ?" ಎನ್ನುತ್ತಾಳೆ. ಅದು ಪ್ರಶ್ನೆಯೇ ಹೊರತು ಉತ್ತರವಲ್ಲ. ಸಾಲ್ಟ್ ಲೇಕಿನ ನಮ್ಮ ಫ್ಲ್ಯಾಟಿನ ಬಾಗಿಲಿಗೆ ಸರಳುಗಳ ಮಡಚುವ ಗೇಟಿದೆ. ಮಗಳು ಶ್ರಾವ್ಯ ಒಳಗಿದ್ದರೂ ಅದಕ್ಕೆ ಹೊರಗಿನಿಂದ ಬೀಗ ಜಡಿದು ಹೋಗುತ್ತಿದ್ದೆ. ಅವಳ ಹತ್ತಿರ ಇನ್ನೊಂದು ಕೀಲಿ ಇದೆಯಲ್ಲ ಎಂಬುದು ನನ್ನ ಸಮಾಧಾನ.

ಶ್ರಾವ್ಯ ಓದುವುದು ಸಿನಿಮಾ ಮಾಡುವ ವಿದ್ಯೆ, ನಗರದ ಇನ್ನೊಂದು ತುದಿಯ ಜಾದವ್‌ಪುರದ ಕಡೆ. ದಿನವೂ ಬಸ್ಸಿನಲ್ಲಿ ಜಜ್ಜಿಹೋಗಿ, ಅಲ್ಲೇ ಒಂದು ರೂಮು ಮಾಡಿಕೊಳ್ಳುತ್ತೇನೆಂದು ಹೋದ ವರ್ಷ ಕೇಳಿದಳು. ಬೇಡವೆಂದೆ. ಗ್ಯಾಸು, ಕಿಟಕಿ, ಮಾಲೀಕನ ನಾಯಿ, ನನ್ನಲ್ಲಿ ಕಾರಣಗಳಿಗೆ ಬರವಿರಲಿಲ್ಲ. ನಿಜ ಹೇಳುವುದಾದರೆ, ಅವಳು ನನ್ನ ಕಣ್ಣಿಗೆ ಕಾಣದ ಕಡೆ ಇರುವುದೆಂದರೆ ನನಗೆ ಭಯ. ಅವಳು ಮತ್ತೆ ಕೇಳಲಿಲ್ಲ.

ಆಗಲೇ ಕಾಲೇಜಿಗೆ ಒಂದು ಕಿರುಚಿತ್ರ ಮಾಡಬೇಕಾಗಿ ಬಂತು. ಹೆದರಿಸುವಂಥದ್ದು ಎಂದು ಕೇಳಿ, ಹಳೇ ಬಂಗಲೆ, ಬಿಳಿ ಸೀರೆ, ಬಿಚ್ಚಿದ ಕೂದಲು ಎಂದು ಉತ್ಸಾಹದಿಂದ ಸಲಹೆ ಕೊಟ್ಟೆ.

"ಭೂತ ಬೇಡಪ್ಪ. ಇದು ಸೈಕಲಾಜಿಕಲ್ ಥ್ರಿಲ್ಲರ್. ಹೊರಗೆ ಎಲ್ಲ ನಾರ್ಮಲ್. ಭಯ ಇರೋದು ಮೈಂಡ್ ಒಳಗೆ."

ವಾರಗಟ್ಟಲೆ ಅಂಥ ಚಿತ್ರಗಳನ್ನೇ ನೋಡಿ ನೋಟ್‌ಬುಕ್ ತುಂಬಿಸಿದಳು. ಚಾಕು ಬರೆದು ಹೊಡೆದುಹಾಕಿದಳು, ಕನ್ನಡಿ ಬರೆದು ಹೊಡೆದುಹಾಕಿದಳು. ಒಂದು ಸಂಜೆ ನಾನು ನಾಲ್ಕನೆಯ ಸಲ ಗೇಟು ಎಳೆದು ಒಳಬಂದಾಗ, ಪೆನ್ನು ಕಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದಳು. "ನೀನೇ ಆ್ಯಕ್ಟ್ ಮಾಡ್ತೀಯಾ ಅಪ್ಪ?"

ಶಾಲೆಯಲ್ಲಿ ಯಕ್ಷಗಾನದ ರಾಕ್ಷಸನಾಗಿದ್ದವನು ನಾನು. ಕ್ಯಾಮೆರಾ ಮುಂದೆ ಕಣ್ಣು ಅರಳಿಸಿ, ಹಲ್ಲು ಕಡಿದೆ. "ಅಯ್ಯೋ, ಅದೆಲ್ಲ ಬೇಡ. ದಿನಾ ಮಾಡೋ ಹಾಗೇ ಮಾಡು, ಅಷ್ಟೇ." ಕ್ಯಾಮೆರಾ ಹಿಡಿದ ಅವಳ ಬಂಗಾಳಿ ಗೆಳತಿ "ಕಾಕು, ಆರ್ ಏಕ್‌ಬಾರ್", ಅಂದರೆ ಅಂಕಲ್ ಇನ್ನೊಂದು ಸಲ, ಎಂದು ಮತ್ತೆ ಮತ್ತೆ ಬೀಗ ಎಳೆಸಿದಳು. ಇನ್ನೊಮ್ಮೆ ಎಳೆಯಿರೆಂದು ಯಾರಾದರೂ ನನ್ನನ್ನು ಬೇಡಿಕೊಂಡದ್ದು ಜೀವನದಲ್ಲಿ ಅದೇ ಮೊದಲು. ಬಹಳ ಖುಷಿಯಾಯಿತು.

ಚಿತ್ರವನ್ನು ಕಾಲೇಜಿನ ಕ್ಲಾಸ್‌ರೂಮಿನಲ್ಲೇ ತೋರಿಸಿದರು. ಪರದೆಯ ಮೇಲಿನ ನಾನು ಬೀಗ ಎಳೆದೆ, ಇಳಿದೆ, ಹತ್ತಿ ಬಂದೆ. ಹುಡುಗರು ನಕ್ಕರು, ನಾನೂ ನಕ್ಕೆ. ಐದನೆಯ ಸಲಕ್ಕೆ ನಗು ನಿಂತಿತ್ತು. ಎಳೆಯುವಾಗ ನನ್ನ ತುಟಿ ನಡುಗುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕೊನೆಗೆ ಆ ಮನುಷ್ಯ ಹೊರಟುಹೋದ. ಖಾಲಿ ಗೇಟು. ಆಮೇಲೆ ಒಳಗಿನಿಂದ, ಸರಳುಗಳ ಸಂದಿನಲ್ಲಿ, ಒಂದು ಕೈ ಬಂತು. ಅದೇ ಬೀಗವನ್ನು ಎಳೆದು ನೋಡಿತು. ಮತ್ತೊಮ್ಮೆ ಎಳೆಯಿತು. ಆ ಮಣಿಕಟ್ಟಿನ ಕೆಂಪು ದಾರ ನಾನೇ ಊರಿನ ದೇವಸ್ಥಾನದಿಂದ ತಂದು ಮಗಳಿಗೆ ಕಟ್ಟಿದ್ದು. ಚಪ್ಪಾಳೆ ಬಿತ್ತು. ನನಗೆ ಮಾತ್ರ ಅಳು ಬಂತು.

ಆಟೋದಲ್ಲಿ ಕೇಳಿದೆ: "ನಾನು ಅಷ್ಟು ಹೆದರಿಸ್ತೇನಾ ಮಗಾ?"

"ನೀನು ಹೆದರ್ಸೋದಲ್ಲ ಅಪ್ಪ, ನೀನೇ ಹೆದ್ರಿರ್ತೀಯ. ಅದನ್ನ ನೋಡಿ ನೋಡಿ ನಂಗೂ ಹೆದ್ರಿಕೆ ಬರತ್ತೆ."

ಮನೆ ಮುಂದೆ ಇಳಿಯುವಾಗ "ರೂಮು ನೋಡು" ಎಂದೆ.

ಒಳ್ಳೆಯ ರೂಮು ಸಿಗಲು ಇಷ್ಟು ತಿಂಗಳಾಯಿತು. ಇವತ್ತು ಸಾಮಾನು ಇಳಿಸಿ, ಚಹಾ ಕುಡಿಯಲೆಂದು ಹೊರಟೆವು. ಶ್ರಾವ್ಯ ಸಿಯಾಲ್ದಾದ ಬೀಗ ಹಾಕಿ, ಎಳೆದು ನೋಡಿ, ನಾಲ್ಕು ಹೆಜ್ಜೆ ನಡೆದು ನಿಂತಳು. ಆ ನಿಲ್ಲುವುದು ಎಂಥದ್ದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ವಾಪಸು ಹೋಗಿ ಮತ್ತೆ ಎಳೆದಳು. ಕೈ ಬೀಗದ ಮೇಲೇ ಉಳಿಯಿತು. ನನ್ನ ಮೂಗೊಂದನ್ನೇ ಅವಳಿಗೆ ಕೊಟ್ಟಿದ್ದೇನೆಂದು ತಿಳಿದಿದ್ದೆ.

ಹತ್ತಿರ ಹೋಗಿ, ಅವಳ ಕೈ ಮೆಲ್ಲಗೆ ಸರಿಸಿ, ಒಂದೇ ಒಂದು ಸಲ ಎಳೆದು ನೋಡಿದೆ.

"ಬಿದ್ದಿದೆ ಮಗಾ" ಎಂದೆ.

ಅವಳು ನನ್ನ ಮುಖ ನೋಡಿ, ಕೀಲಿಯನ್ನು ಚೀಲಕ್ಕೆ ಹಾಕಿಕೊಂಡಳು. ಇಬ್ಬರೂ ಮೆಟ್ಟಿಲಿಳಿದೆವು. ಹತ್ತಿ ಹೋಗಿ ಇನ್ನೊಮ್ಮೆ ನೋಡಬೇಕೆಂದು ನನಗೆ ಅನಿಸಿತು, ಸುಳ್ಳು ಹೇಳಲಾರೆ. ಆದರೆ "ಬಿದ್ದಿದೆ" ಎಂದು ಮಾತು ಕೊಟ್ಟಾಗಿತ್ತು.