ಆ ಮಧ್ಯಾಹ್ನ ಮಗ್ಗ ನಿಲ್ಲಲಿಲ್ಲ

ಕಳೆದ ವಾರ ಜಮಖಂಡಿಯ ನಮ್ಮ ಮನೆಗೆ ಕಬ್ಬಿಣದ ಜಾಲರಿ ಬಾಗಿಲು ಹಾಕಿಸಿದೆವು. ನಮ್ಮ ಬಡಾವಣೆಯಲ್ಲಿ ಎರಡು ಮನೆಗಳ ಬೀಗ ಒಡೆದಿದ್ದರು, ಅದಕ್ಕೆ. ವೆಲ್ಡಿಂಗ್‌ನವನು ಬಿಜಾಗರಿಗೆ ನಾಲ್ಕು ಹನಿ ಮಷಿನ್ ಎಣ್ಣೆ ಬಿಟ್ಟು, ಬಾಗಿಲನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿ, "ಇನ್ನ ಆರಾಮ ಮಲಗ್ರೀ ಟೀಚರ್, ಇಲಿನೂ ಒಳಗ ಬರೂದಿಲ್ಲ" ಎಂದು ನಕ್ಕ. ನನಗೆ ನಗು ಬರಲಿಲ್ಲ. ಆ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಬನಹಟ್ಟಿಯ ನಮ್ಮ ಓಣಿ ಕಣ್ಣೆದುರು ಬಂದು ನಿಂತಿತ್ತು. ಆ ವಾಸನೆ ನನ್ನ ಪಾಲಿಗೆ ಕಾಕುವಿನದು.

ಕಾಕು ನಮ್ಮ ಸಂಬಂಧಿಯೇನಲ್ಲ, ಗೋಡೆಗೆ ಗೋಡೆ ಹೊಂದಿದ ನೆರೆಯವಳು. ಗಂಡ ತೀರಿಹೋದ ಮೇಲೆ ಮುಂದಿನ ಕೋಣೆಯ ಒಂದೇ ವಿದ್ಯುತ್ ಮಗ್ಗದಲ್ಲಿ ಸೀರೆ ನೇಯ್ದು ಬದುಕುತ್ತಿದ್ದಳು. ಸೆರಗಿನಲ್ಲಿ ಗಂಜಿಯ ವಾಸನೆ, ಕೈಯಲ್ಲಿ ಎಣ್ಣೆಯ ವಾಸನೆ, ಕೊರಳಲ್ಲಿ ಬಂಗಾರದ ಬೋರಮಾಳ. ತೆಗೆದಿಡು ಅಂದರೆ, "ಪೆಟ್ಟಿಗ್ಯಾಗ ಇಟ್ರ ಪೆಟ್ಟಿಗಿ ಹಾಕ್ಕೊಂಡ ಮೆರೀತೈತೇನು?" ಎಂದು ನಮ್ಮ ಬಾಯಿಯನ್ನೇ ಮುಚ್ಚಿಸುತ್ತಿದ್ದಳು.

ನಾನು ಡಿಗ್ರಿ ಕೊನೆಯ ವರ್ಷದಲ್ಲಿದ್ದೆ. ಆ ವರ್ಷ ಊರಿನ ಗಾಳಿಯೇ ಕೆಟ್ಟಿತ್ತು. ಬಂಗಾರ ತೊಳೆದು ಕೊಡುತ್ತೇವೆ ಎಂದು ಬೈಕಿನಲ್ಲಿ ಬಂದವರು ಮೇಲಿನ ಓಣಿಯ ಒಬ್ಬ ಮುದುಕಿಯ ಬಳೆ ಒಯ್ದರು. ಹಿಂದಿನ ಓಣಿಯಲ್ಲಿ ಹಾಡಹಗಲೇ ಒಂದು ಮನೆ ಬರಿದಾಯಿತು. ಪೊಲೀಸರು ಆಟೋಗೆ ಮೈಕು ಕಟ್ಟಿ ಎಚ್ಚರಿಕೆ ಸಾರಿದರು. ಗುರುತಿಲ್ಲದ ಬೈಕೊಂದು ಓಣಿಯಲ್ಲಿ ನಿಧಾನವಾಗಿ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಎಲ್ಲರೂ ಹಗಲಲ್ಲೇ ಅಗಳಿ ಹಾಕಿಕೊಳ್ಳತೊಡಗಿದೆವು. ಕಾಕು ಮಾತ್ರ ಬಾಗಿಲು ಹಾರುಹೊಡೆದೇ ಇಡುತ್ತಿದ್ದಳು.

"ಸಪ್ಪಳ ಇದ್ದ ಮನಿಗೆ ಕಳ್ಳ ಬರೂದಿಲ್ಲ ಬೇ. ಮಗ್ಗ ನಡದೈತಿ ಅಂದ್ರ ಮನ್ಯಾಗ ಮಂದಿ ಅದಾರ ಅಂತ ಅವಗೂ ತಿಳೀತೈತಿ" ಎನ್ನುತ್ತಿದ್ದಳು.

ನಾವೂ ಹಾಗೆಯೇ ನಂಬಿದ್ದೆವು. ನೇಕಾರರ ಓಣಿಯಲ್ಲಿ ಒಬ್ಬರ ಕ್ಷೇಮ ಇನ್ನೊಬ್ಬರಿಗೆ ತಿಳಿಯುವುದೇ ಕಿವಿಯಿಂದ. ಅಡ್ಡ ಎಳೆ ಹಾಕುವ ಲಾಳಿಯೊಳಗಿನ ನೂಲು ಕೆಲವೇ ನಿಮಿಷಕ್ಕೆ ತೀರುತ್ತದೆ. ಆಗ ಮಗ್ಗ ನಿಲ್ಲಿಸಿ ನೂಲು ಸುತ್ತಿದ ಬೇರೆ ಕಂಡಿಕೆ ಹಾಕಬೇಕು, ಮತ್ತೆ ನಡೆಸಬೇಕು. ನೂಲು ತೀರಿದರೆ ತಾನಾಗಿಯೇ ನಿಲ್ಲುವ ಮಗ್ಗಗಳೂ ಇದ್ದವು, ಆದರೆ ಕಾಕುವಿನದು ಹಳೆಯದು. ಅದರ ಆ ಭಾಗ ಸವೆದುಹೋಗಿ, ಕೈಯಿಂದಲೇ ನಿಲ್ಲಿಸಬೇಕಿತ್ತು. ತುಸು ಹೆಚ್ಚು ಹೊತ್ತು ಸದ್ದು ನಿಂತರೆ ಅವ್ವ ಗೋಡೆ ಬಡಿದು ಕೂಗುತ್ತಿದ್ದಳು, "ಯಾಕ ಕಾಕು, ಮಗ್ಗ ನಿಂತೈತಲ್ಲ?"

"ಚಾ ಕುಡ್ಯಾಕತ್ತೇನಿ, ಇನ್ನೂ ಸತ್ತಿಲ್ಲ ತಗೋ!"

ಆ ದಿನ ರಬಕವಿಯಲ್ಲಿ ಒಂದು ಮದುವೆ. ಓಣಿಗೆ ಓಣಿಯೇ ಹೊರಟಿತ್ತು. ನನಗೆ ಪರೀಕ್ಷೆ, ಕಾಕುವಿಗೆ ಮರುದಿನವೇ ಕೊಡಬೇಕಾದ ಸೀರೆ. ಉಳಿದವರು ನಾವಿಬ್ಬರೇ. ಹೊರಡುವಾಗ ಅವ್ವ ಹೇಳಿದಳು, "ಕಾಕುನ ಮಗ್ಗದ ಮ್ಯಾಲ ಒಂದ ಕಿವಿ ಇರ್ಲಿ."

ಇಟ್ಟಿದ್ದೆ. ದೇವರಾಣೆಗೂ ಇಟ್ಟಿದ್ದೆ. ಮಧ್ಯಾಹ್ನ ಪುಸ್ತಕ ಹಿಡಿದು ಗೋಡೆಗೊರಗಿ ಕೂತೆ. ಆಚೆ ಮಗ್ಗ ಖಟಖಟ ಹೊಡೆದುಕೊಳ್ಳುತ್ತಲೇ ಇತ್ತು. ಒಂದು ಪಾಠ ಮುಗಿಯಿತು, ಎರಡು ಮುಗಿದವು. ಸದ್ದು ಒಮ್ಮೆಯೂ ನಿಲ್ಲಲಿಲ್ಲ. ಕಾಕು ಇವತ್ತು ಭಾರೀ ಹುರುಪಿನಲ್ಲಿದ್ದಾಳೆ ಅಂದುಕೊಂಡೆ. ಏಳುವ ಕೆಲಸ ತಪ್ಪಿತಲ್ಲ ಎಂದು ಸಮಾಧಾನವೂ ಆಗಿತ್ತು… ನೇಕಾರರ ಮನೆಯಲ್ಲಿ ಹುಟ್ಟಿ ಬೆಳೆದ ಹುಡುಗಿ ನಾನು. ನೇಯುವವರಿದ್ದರೆ ಮಗ್ಗ ನಡುನಡುವೆ ನಿಲ್ಲಲೇಬೇಕು ಅನ್ನುವುದು ನನಗೆ ಹೊಳೆಯಲಿಲ್ಲ.

ನಾಲ್ಕರ ಸುಮಾರಿಗೆ ಕರೆಂಟು ಹೋಯಿತು. ಫ್ಯಾನೂ ನಿಂತಿತು, ಮಗ್ಗವೂ ನಿಂತಿತು. ಕರೆಂಟು ಹೋದರೆ ಕಾಕು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, ಸರಕಾರವನ್ನು ಬೈಯುತ್ತ ಕಟ್ಟೆಗೆ ಬಂದು ಕೂರುವುದು ರೂಢಿ. ಕಾದೆ. ಬೈಗುಳ ಕೇಳಿಸಲಿಲ್ಲ. ಗೋಡೆ ಬಡಿದೆ… ಎದ್ದು ಹೋದೆ. ಎಂದೂ ಹಾಕದ ಬಾಗಿಲನ್ನು ಯಾರೋ ಮುಂದಕ್ಕೆ ಎಳೆದಿದ್ದರು.

ಕಾಕು ಮಗ್ಗಕ್ಕೂ ಗೋಡೆಗೂ ನಡುವೆ ಬಿದ್ದಿದ್ದಳು. ತಲೆಯ ಹಿಂದೆ ಪೆಟ್ಟು, ಕೊರಳು ಬರಿದು. ಮಗ್ಗದ ಸದ್ದಿನಲ್ಲಿ ಕಳ್ಳರು ಒಳಗೆ ಬಂದದ್ದು ಅವಳಿಗೆ ಕೇಳಿಸಿರಲಾರದು. ಉಸಿರು ಇನ್ನೂ ಆಡುತ್ತಿತ್ತು. ನಾನು ಬೀದಿಗೆ ಓಡಿ ಕಿರುಚಿದೆ. ಹಿಂದಿನ ಓಣಿಯವರು ಓಡಿ ಬಂದರು.

ಜಮಖಂಡಿಯ ಆಸ್ಪತ್ರೆಗೆ ಒಯ್ದೆವು. "ಎರಡ ತಾಸ ಮೊದಲ ತಂದಿದ್ರ…" ಎಂದು ಡಾಕ್ಟರು ಮಾತು ಅರ್ಧಕ್ಕೇ ಬಿಟ್ಟರು. ಮರುದಿನ ಬೆಳಗಿನ ಹೊತ್ತಿಗೆ ಕಾಕು ಇರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಅವ್ವ ಮೆಲ್ಲಗೆ ಕೇಳಿದಳು, "ನಡುನಡುವ ಮಗ್ಗ ನಿಂತಿತ್ತೇನು?"

"ಹೂಂ, ನಿಲ್ಲಾಕತ್ತಿತ್ತು" ಎಂದೆ. ಸುಳ್ಳು ಹೇಳಿದೆ.

ಮಾರನೇ ದಿನ ಓಣಿಯ ಹಿರಿಯ ನೇಕಾರರೊಬ್ಬರು ಪೊಲೀಸರಿಗೆ ಆ ಮಗ್ಗವನ್ನು ತೋರಿಸುತ್ತಿದ್ದರು. ಅರ್ಧ ನೇಯ್ದ ಸೀರೆಯ ತುದಿಯಿಂದ ಅಡ್ಡ ಎಳೆಯೇ ಇಲ್ಲದ ಬರೀ ಉದ್ದ ಎಳೆಗಳು ರಾಶಿಯಾಗಿ ಸುತ್ತಿಕೊಂಡಿದ್ದವು. ಅವರು ಅದನ್ನು ಬಿಚ್ಚಿ ಮೊಣಕೈಯಿಂದ ಮೊಳ ಹಾಕುತ್ತ ಹೋದರು. ಹತ್ತು ದಾಟಿತು, ಹನ್ನೆರಡು ದಾಟಿತು. "ನೂಲಿಲ್ಲದ ಎರಡ ತಾಸ ಖಾಲಿ ಓಡೈತ್ರಿ ಇದು. ಒಮ್ಮಿನೂ ನಿಂತಿಲ್ಲ" ಎಂದರು. ಅವ್ವ ನನ್ನ ಕಡೆ ನೋಡಿದಳು. ಒಂದೇ ಸಲ. ಆಮೇಲೆ ಸಾಯುವ ತನಕ ಆ ಮಾತು ತೆಗೆಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಕಳ್ಳರು ಸಿಗಲಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಓಣಿಯಲ್ಲಿ ಗೇಟು ಬಂತು, ಕ್ಯಾಮೆರಾ ಬಂತು. ಬಳೆ ಮಾರುವವಳನ್ನೂ ಒಳಗೆ ಬಿಡದಾದರು. ನನಗೆ ಮಾತ್ರ ಇವತ್ತಿಗೂ ಸದ್ದಿಲ್ಲದ ಮನೆಗಿಂತ ಸದ್ದು ಇರುವ ಮನೆಯ ಹೆದರಿಕೆಯೇ ಹೆಚ್ಚು.

ಇಲ್ಲಿ ನಮ್ಮ ಪಕ್ಕದ ಮನೆಯ ಹಿರಿಯ ಹೆಂಗಸು ಹಗಲೆಲ್ಲ ಒಬ್ಬರೇ ಇರುತ್ತಾರೆ. ನಿನ್ನೆ ಮಧ್ಯಾಹ್ನ ಅವರ ಟೀವಿ ಬಹಳ ಹೊತ್ತಿನಿಂದ ಜೋರಾಗಿ ಒಂದೇ ಸಮನೆ ಕೇಳಿಸುತ್ತಿತ್ತು. ಹೋಗಿ ಬಾಗಿಲು ಬಡಿದೆ, ಅವರು ಬರುವ ತನಕ ಬಡಿದೆ. ನಿದ್ದೆಗಣ್ಣಿನಲ್ಲಿ ಬಂದು ತೆರೆದರು. ನನ್ನ ಈ ಚಟ ಅವರಿಗೆ ಸಾಕಾಗಿಹೋಗಿದೆ.

"ಏನ್ರೀ ಟೀಚರ್, ಮನ್ಯಾಗ ಅದೇನಿ. ಟೀವಿ ಸಪ್ಪಳ ಕೇಳಸಲಿಲ್ಲೇನ್ರೀ?"

"ಕೇಳಸ್ತ್ರೀ" ಎಂದೆ. "ಅದಕ್ಕ ಬಂದೆ."